ಟ್ರಂಕನ್ನು ಮಗಳೇ ತುಂಬಿಕೊಳ್ಳಲಿ

ನನ್ನ ಮಗಳು ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯದಲ್ಲಿ ಎಂಟನೇ ತರಗತಿ ಮುಗಿಸಿದ್ದಾಳೆ. ಒಂಬತ್ತಕ್ಕೆ ಉತ್ತರ ಭಾರತದ ಇನ್ನೊಂದು ನವೋದಯಕ್ಕೆ ಹೋಗುವವರ ಪಟ್ಟಿಯಲ್ಲಿ ಅವಳ ಹೆಸರೂ ಇದೆ. ಹಾಸ್ಟೆಲ್ ಅವಳಿಗೆ ಹೊಸದೇನಲ್ಲ. ಆದರೆ ಈ ರಜೆಯಲ್ಲಿ ಮಾತೇ ಕಡಿಮೆಯಾಗಿದೆ, ಊಟ ಅರ್ಧಕ್ಕೇ ಬಿಡುತ್ತಾಳೆ. ನಾನು ಟ್ರಂಕು ತೆಗೆದರೆ ಎದ್ದು ಹೊರಗೆ ಹೋಗುತ್ತಾಳೆ. ಅವರಪ್ಪ, “ಸೇರಲಿಲ್ಲ ಅಂದ್ರ ಫೋನ್ ಮಾಡು, ಬಂದು ಕರ್ಕೊಂಡು ಬರ್ತೀನಿ” ಎಂದು ಸಮಾಧಾನ ಮಾಡುತ್ತಾರೆ. ಹತ್ತನೇ ತರಗತಿಯ ಪರೀಕ್ಷೆಗೆ ಇದರಿಂದ ಪೆಟ್ಟು ಬೀಳುತ್ತದೇನೋ ಎಂದು ನನಗೆ ಭಯ. ಹೋಗುವುದನ್ನು ತಪ್ಪಿಸಬೇಕೆ?

ಒಬ್ಬ ತಾಯಿ, ಉತ್ತರ ಕರ್ನಾಟಕ

ಅಮ್ಮಾ,

ಮಗಳು ಮಂಕಾದದ್ದು ಪಟ್ಟಿ ಬಂದ ಮೇಲೋ, ಅದಕ್ಕೂ ಮೊದಲೋ? ಉಳಿದೆಲ್ಲಕ್ಕಿಂತ ಮುಂಚೆ ಇದನ್ನು ತಿಳಿದುಕೊಳ್ಳಿ. ಪಟ್ಟಿಯ ನಂತರವಾದರೆ ಅದು ದೂರದ ಊರಿನ ಅಂಜಿಕೆ, ಅವಳ ವಯಸ್ಸಿಗೆ ಸಹಜ. ಮೊದಲೇ ಶುರುವಾಗಿದ್ದರೆ ಕಾರಣ ಬೇರೆ ಇರಬಹುದು: ದೊಡ್ಡ ತರಗತಿಯವರ ಕಾಟ, ಗೆಳತಿಯರ ಗುಂಪಿನಿಂದ ಹೊರಗುಳಿದ ನೋವು, ಮುಟ್ಟಿನ ತೊಂದರೆ, ದೊಡ್ಡವರು ಯಾರದೋ ಕೆಟ್ಟ ನಡತೆ. ಎದುರು ಕೂರಿಸಿಕೊಂಡು ಏನಾಗಿದೆ ಎಂದು ಕೇಳಿದರೆ ಈ ವಯಸ್ಸಿನ ಮಕ್ಕಳು “ಏನಿಲ್ಲ” ಎನ್ನುತ್ತಾರೆ. ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ, ಕೈ ಕೆಲಸದಲ್ಲಿರುವಾಗ ಸಣ್ಣದಾಗಿ ಕೇಳಿ. “ಡಾರ್ಮಿಟರಿಯಾಗ ನಿನ್ನ ಪಕ್ಕದಾಗ ಯಾರು ಮಲಗ್ತಿದ್ರು? ಮೆಸ್‌ನ್ಯಾಗ ಯಾರ ಜೋಡಿ ಉಣ್ತಿದ್ದಿ?” ಯಾರ ಹೆಸರೂ ಬಾರದಿದ್ದರೆ, ಅಥವಾ ಒಂದು ಹೆಸರಿಗೆ ಬಂದು ಮಾತು ತಡೆದರೆ, ಅಲ್ಲಿ ಅವಸರ ಮಾಡಬೇಡಿ, ಬೈಯಬೇಡಿ, ಕೇಳಿಸಿಕೊಳ್ಳಿ. ಯಾರಾದರೂ ಮೈಮುಟ್ಟಿ ಕಾಡಿದ್ದಾರೆಂದು ತಿಳಿದರೆ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹೋಗುವುದೋ ಬಿಡುವುದೋ ಎಂಬುದು ಆಮೇಲಿನ ಮಾತು.

ಬರೀ ಅಂಜಿಕೆಯೇ ಆಗಿದ್ದರೆ ಅವಳನ್ನು ಕಳಿಸಿ ಎಂದೇ ನಾನು ಹೇಳುವುದು.

ಹಿಂದಿ ಜಿಲ್ಲೆಗಳ ನವೋದಯಗಳಿಗೂ ಹಿಂದಿಯೇತರ ಜಿಲ್ಲೆಗಳ ನವೋದಯಗಳಿಗೂ ನಡುವೆ ಒಂಬತ್ತನೇ ತರಗತಿಯ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಅದಲುಬದಲು ಮಾಡುವುದು ಈ ಶಾಲೆಗಳ ಮೂಲ ಉದ್ದೇಶಗಳಲ್ಲೇ ಒಂದು. ಎಂಬತ್ತು ಮಕ್ಕಳ ತರಗತಿಯಾದರೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಒಟ್ಟಿಗೇ ರೈಲು ಹತ್ತುತ್ತಾರೆ, ಜೊತೆಗೆ ಶಿಕ್ಷಕರಿರುತ್ತಾರೆ. ಇನ್ನೊಂದು ಸಂಗತಿಯನ್ನು ಮಗಳಿಗೆ ಖಂಡಿತ ಹೇಳಿ: ಹಿಂದಿ ನಾಡಿನ ನವೋದಯಗಳಲ್ಲಿ ಮೂರನೇ ಭಾಷೆಯಾಗಿ ಕಲಿಸುವುದು ಅಲ್ಲಿಗೆ ಬರುವ ಮಕ್ಕಳ ಭಾಷೆಯನ್ನು. ಅಂದರೆ ಅಲ್ಲಿಯ ಹುಡುಗಿಯರು ತಪ್ಪುತಪ್ಪಾಗಿಯಾದರೂ ಕನ್ನಡ ಓದಬಲ್ಲರು. ಅವಳ ಹಿಂದಿ ಹರಕಾಗಿದ್ದರೆ ಅವರ ಕನ್ನಡವೂ ಹಾಗೇ ಇರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ತಿದ್ದುತ್ತಾ ಗೆಳತಿಯರಾಗಲು ಅಷ್ಟು ಸಾಕು.

ಅವಳ ಅಪ್ಪನಿಗೆ ನೀವು ಒಂದು ಮಾತು ಹೇಳಲೇಬೇಕು. “ಬಂದು ಕರ್ಕೊಂಡು ಬರ್ತೀನಿ” ಎಂಬ ಮಾತು ಪ್ರೀತಿಯದೇ. ಆದರೆ ಮಗುವಿನ ಕಿವಿಗೆ ಅದು “ನಿನ್ನ ಕೈಲಾಗೋದಿಲ್ಲ ಅಂತ ನನಗೂ ಗೊತ್ತು” ಎಂದು ಕೇಳಿಸುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಮನೆ ನೆನಪಿನ ಕೊರಗಿನ ಬಗ್ಗೆ ಪ್ರಕಟಿಸಿದ ವರದಿಯೂ ಇಂಥ ಭರವಸೆ ಕೊಡಬಾರದು ಎನ್ನುತ್ತದೆ. ಹೊರಡುವ ನಿರ್ಧಾರಗಳಲ್ಲಿ ಮಗುವನ್ನೂ ಸೇರಿಸಿಕೊಳ್ಳಿ ಎಂಬುದು ಅದರ ಇನ್ನೊಂದು ಸಲಹೆ. ಅಪ್ಪ ಮಾಡಬೇಕಾದ ಕೆಲಸ ಬೇರೆಯಿದೆ. ಮುಂದಿನ ರಜೆ ಯಾವಾಗ ಎಂದು ಶಾಲೆಯಿಂದ ತಿಳಿದುಕೊಂಡು ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಅವಳ ಕೈಯಲ್ಲೇ ಗುರುತು ಹಾಕಿಸಲಿ. ಕೊನೆ ಯಾವಾಗ ಎಂದು ಗೊತ್ತಿದ್ದರೆ ಮಕ್ಕಳು ಕಷ್ಟವನ್ನು ತಡೆದುಕೊಳ್ಳುತ್ತಾರೆ.

ಇನ್ನು ಟ್ರಂಕಿನ ಮಾತು. ಅದನ್ನು ನೀವು ತುಂಬುತ್ತಿದ್ದೀರಿ, ಅವಳು ಎದ್ದು ಹೋಗುತ್ತಿದ್ದಾಳೆ. ಹೋಗುವವಳು ಅವಳು, ತಯಾರಿಯೆಲ್ಲ ನಿಮ್ಮದು. ಖಾಲಿ ಟ್ರಂಕನ್ನು ಅವಳ ಮುಂದಿಟ್ಟು ಒಂದು ಹಾಳೆ, ಪೆನ್ನು ಕೊಡಿ. ಪಟ್ಟಿ ಅವಳೇ ಬರೆಯಲಿ, ಹಾಸ್ಟೆಲ್‌ನಲ್ಲಿ ಏನು ಕಳುವಾಗುತ್ತದೆ, ಏನು ಸಾಲುವುದಿಲ್ಲ ಎಂಬುದು ನಿಮಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅವಳಿಗೆ ಗೊತ್ತಿಲ್ಲದ್ದು ಚಳಿ ಮಾತ್ರ. ಡಿಸೆಂಬರ್, ಜನವರಿಯಲ್ಲಿ ಉತ್ತರದ ಬಯಲಿನಲ್ಲಿ ಮಂಜು ಕವಿದು ಮಧ್ಯಾಹ್ನದವರೆಗೂ ಬಿಸಿಲು ಕಾಣದ ದಿನಗಳಿರುತ್ತವೆ. ನಮ್ಮ ಕಡೆಯ ಒಂದು ಸ್ವೆಟರ್ ಅದಕ್ಕೆ ಸಾಲದು. ದಪ್ಪ ರಗ್ಗು, ಒಳಗೆ ಹಾಕುವ ಉಣ್ಣೆಯ ಬಟ್ಟೆ, ಕಾಲುಚೀಲ, ಕಿವಿ ಮುಚ್ಚುವ ಟೋಪಿ ಬೇಕು. ಬಟ್ಟೆಗಳ ಮೇಲೆ ಹೆಸರನ್ನು ದಾರದಲ್ಲಿ ಹೊಲಿದುಕೊಳ್ಳಲಿ, ಬೀಗದ ಎರಡನೇ ಕೀಲಿ ಬೇರೆ ಕಡೆ ಇರಲಿ. ಪ್ಯಾಡುಗಳನ್ನು ಮೊದಲ ಎರಡು ಮೂರು ತಿಂಗಳಿಗೆ ಆಗುವಷ್ಟು ಇಡಿ. ಹೊಸ ಮೇಟ್ರನ್ ಹತ್ತಿರ ಕೇಳಲು ಸಂಕೋಚಪಟ್ಟು ಹುಡುಗಿಯರು ಪಡುವ ಕಷ್ಟವನ್ನು ಮನೆಯವರು ಊಹಿಸುವುದೂ ಇಲ್ಲ. ಶೇಂಗಾ ಚಟ್ನಿ, ಅಗಸಿ ಚಟ್ನಿ ಕಟ್ಟಿಕೊಡುವ ಕೆಲಸ ಮಾತ್ರ ನಿಮ್ಮದೇ ಆಗಿರಲಿ, ಹಂಚಿಕೊಂಡು ತಿನ್ನುವಷ್ಟು ಕೊಡಿ.

ಮೊದಲ ಎರಡು ವಾರ ಫೋನಿನಲ್ಲಿ ಅಳು ಕೇಳಿಬರಬಹುದು. ನವೋದಯದಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡುವುದಿಲ್ಲವಾದ್ದರಿಂದ ಸಿಗುವ ಆ ಕೆಲವು ನಿಮಿಷಗಳಲ್ಲೇ ಎಲ್ಲ ದುಃಖ ಹೊರಬರುತ್ತದೆ. ಫೋನಿಟ್ಟು ಅರ್ಧ ಗಂಟೆಗೆ ಅವಳು ಆಟದ ಮೈದಾನದಲ್ಲಿರುತ್ತಾಳೆ, ನೀವು ಮಾತ್ರ ರಾತ್ರಿಯೆಲ್ಲ ನಿದ್ದೆಗೆಡುತ್ತೀರಿ. ಕಾಗದವನ್ನೂ ಬರೆಯಿರಿ. ಎಮ್ಮೆ ಕರು ಹಾಕಿದ್ದು, ತಮ್ಮ ಜಗಳವಾಡಿದ್ದು, ಎಲ್ಲ ಬರೆಯಿರಿ, “ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ” ಎಂದು ಮಾತ್ರ ಬರೆಯಬೇಡಿ. ತಿಂಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಹೌಸ್ ಮಾಸ್ಟರ್ ಜೊತೆ ಮಾತಾಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನೀವು ಕರೆ ಮಾಡಿದರೂ ಅಲ್ಲಿಯ ಆಪ್ತ ಸಲಹೆಗಾರರು ದಾರಿ ಹೇಳುತ್ತಾರೆ.

ಪರೀಕ್ಷೆಯ ಭಯ ಬಿಡಿ. ಎರಡೂ ಶಾಲೆಗಳಲ್ಲಿ ಸಿಬಿಎಸ್‌ಇ ಪಠ್ಯಕ್ರಮವೇ, ಹತ್ತನೇ ತರಗತಿಗೆ ಅವಳು ತನ್ನ ಶಾಲೆಗೇ ಮರಳುತ್ತಾಳೆ. ಬರುವಾಗ ಒಂಬತ್ತರ ಗಣಿತ, ವಿಜ್ಞಾನದ ನೋಟ್ಸ್‌ಗಳನ್ನು ಅಲ್ಲೇ ಬಿಡದೆ ತರಲು ಹೇಳಿ.