ಗದ್ದದ ಕೆಳಗಿನ ಗುರುತು

ದಕ್ಷಿಣ ಅಮೆರಿಕದ ವುಲ್ಫ್ ಫಿಶ್ ಎಂಬ ಮೀನಿನ ಬೆರಳುದ್ದದ ಮರಿಗಳು ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಉರುಟಾದ ಉದ್ದ ಮೈ, ಕಂದು ಮಚ್ಚೆ, ದುಂಡನೆಯ ಬಾಲ, ಚೂಪು ಹಲ್ಲು. ಅಂಗಡಿಯಲ್ಲಿ ಎಲ್ಲಕ್ಕೂ ಒಂದೇ ಹೆಸರು. ಆದರೆ ಅವುಗಳಲ್ಲಿ ಹೊಪ್ಲಿಯಾಸ್ ಮಲಬಾರಿಕಸ್ ಅರ್ಧ ಮೀಟರಿನ ಆಸುಪಾಸಿಗೆ ಬೆಳೆದು ನಿಲ್ಲುತ್ತದೆ, ಹೊಪ್ಲಿಯಾಸ್ ಐಮಾರಾ ಒಂದು ಮೀಟರನ್ನೂ ದಾಟುತ್ತದೆ. ಉಜ್ಜಿನಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇರುವುದು ಒಂದು ತೊಟ್ಟಿಯ ಜಾಗ. ಅದರೊಳಗೆ ಯಾವ ಮರಿ ಬಾಳಬಹುದು ಎಂದು ತಿಳಿಯದೆ ತಂದರೆ ಕಷ್ಟಪಡುವುದು ಮೀನು. ಜಾತಿ ಗುರುತಿಸುವುದು ನನಗೆ ಮುಖ್ಯವಾದದ್ದು ಇದಕ್ಕೇ.

ಈ ವಿದ್ಯೆಯ ಮೊದಲ ಪಾಠ ಆಗಿದ್ದು ಕೊಟ್ಟೂರು ಕೆರೆಯ ಏರಿಯ ಮೇಲೆ, ನಮ್ಮದೇ ಕೊರವ ಮೀನುಗಳಿಂದ. ಬಲೆ ಬಿಡಿಸುತ್ತಿದ್ದ ಅಜ್ಜನಿಗೆ, ಕಪ್ಪಗಿನದೂ ಬಿಳಿಚಿಕೊಂಡದ್ದೂ ಬೇರೆ ಬೇರೆ ಜಾತಿಯೇ ಎಂದು ಕೇಳಿದ್ದೆ. “ಬಣ್ಣ ನೋಡಬ್ಯಾಡ ತಮ್ಮಾ, ಅದು ನೀರಿಂದು. ಹುರುಪಿ ಎಣಿಸು,” ಎಂದರು. ಹುರುಪೆ ಎಂದರೆ ಮೈಮೇಲಿನ ಚಿಪ್ಪು. ಅವರು ಹೇಳಿದ್ದು ಅಕ್ಷರಶಃ ಸರಿ. ಕೆಂಪು ಮಣ್ಣಿನ ಕದಡಿದ ನೀರಿನಲ್ಲಿ ಮಸುಕಾಗಿದ್ದ ಮೀನು ಪಾಚಿಯ ನೆರಳಿಗೆ ಹೋದರೆ ಕಪ್ಪಾಗುತ್ತದೆ, ಬೆದರಿದರೂ ಬಣ್ಣ ಬದಲಿಸುತ್ತದೆ. ಮೈಯ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಹೋಗುವ ಸಾಲಿನ ಹುರುಪೆಗಳ ಎಣಿಕೆ ಹಾಗೆ ಬದಲಾಗುವುದಿಲ್ಲ. ಚನ್ನಾ ಪಂಕ್ಟೇಟಾ ಆದರೆ 40ರ ಆಸುಪಾಸು, ಚನ್ನಾ ಸ್ಟ್ರಯೇಟಾ ಆದರೆ 50ರ ಮೇಲೆ, ದೊಡ್ಡದಾಗುವ ಚನ್ನಾ ಮರುಲಿಯಸ್ ಆದರೆ 60ರ ಮೇಲೆ. ಮರುಲಿಯಸ್ ಮರಿಗೆ ಬಾಲದ ಬುಡದಲ್ಲಿ ಅಂಚುಕಟ್ಟಿದ ಕರಿಕಣ್ಣಿನಂಥ ಚುಕ್ಕೆಯೂ ಇರುತ್ತದೆ. ಆದರೆ ಬೆಳೆದಂತೆ ಅದು ಮಾಸಬಹುದು. ಆದ್ದರಿಂದ ಚುಕ್ಕೆ ಇದ್ದರೆ ನಂಬುತ್ತೇನೆ, ಇಲ್ಲದಿದ್ದರೆ ಎಣಿಸುತ್ತೇನೆ.

ವುಲ್ಫ್ ಫಿಶ್‌ನಲ್ಲಿ ಎಣಿಕೆ ಅಷ್ಟು ಸಲೀಸಲ್ಲ. ಅಲ್ಲಿ ನೋಡಬೇಕಾದದ್ದು ಗದ್ದದ ಕೆಳಗೆ. ಅಂಗಡಿಯವರು ಮೀನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟಾಗ ನಾನು ಅದನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆತ್ತಿ, ಬೆಳಕಿಗೆ ಹಿಡಿದು, ಕೆಳಗಿನಿಂದ ನೋಡುತ್ತೇನೆ. ಕೆಳದವಡೆಯ ಎರಡು ಎಲುಬುಗಳ ಒಳ ಅಂಚು ಮೂತಿಯ ಕಡೆಗೆ ಹೋಗುತ್ತ ಒಂದಕ್ಕೊಂದು ಹತ್ತಿರವಾಗಿ ಇಂಗ್ಲಿಷಿನ ‘ವಿ’ ಅಕ್ಷರದಂತೆ ಕೂಡಿದರೆ ಅದು ಮಲಬಾರಿಕಸ್ ಗುಂಪಿನದು. ಎರಡೂ ಅಂಚು ಸಮಾನಾಂತರವಾಗಿ ಸಾಗಿ ಮುಂದೆ ‘ಯು’ ಅಕ್ಷರದಂತೆ ದುಂಡಾಗಿ ಕೂಡಿದರೆ ಅದು ಲಸೆರ್ಡೇ ಗುಂಪಿನದು. 2009ರಲ್ಲಿ ಒಯಕಾವಾ ಮತ್ತು ಮಾಟೊಕ್ಸ್ ವಿವರಿಸಿದ ಕುರುಪಿರಾ, ಅಂದರೆ ಹವ್ಯಾಸಿಗಳು ಕಪ್ಪು ವುಲ್ಫ್ ಎಂದು ಹುಡುಕುವ ಮೀನು, ಈ ಎರಡನೆಯ ಗುಂಪಿಗೆ ಸೇರುತ್ತದೆ. ಕಪ್ಪಗಿದೆ ಎಂದ ಮಾತ್ರಕ್ಕೆ ಕುರುಪಿರಾ ಅಲ್ಲ. ಕಪ್ಪು ತಳದ ತೊಟ್ಟಿಯಲ್ಲಿಟ್ಟ ಮಲಬಾರಿಕಸ್ ಕೂಡ ಕಪ್ಪಾಗುತ್ತದೆ.

ಇನ್ನೊಂದು ಗುರುತು ನಾಲಿಗೆಯದು. ಮಲಬಾರಿಕಸ್ ನಾಲಿಗೆಯ ಮೇಲೆ ಸಣ್ಣ ಹಲ್ಲುಗಳಿರುತ್ತವೆ, ಲಸೆರ್ಡೇ ಗುಂಪಿನ ನಾಲಿಗೆ ನುಣುಪು. ಪುಸ್ತಕದ ಮಟ್ಟಿಗೆ ಇದು ಗಟ್ಟಿಯಾದ ಗುರುತು, ಆದರೆ ಜೀವಂತ ಮೀನಿನ ಬಾಯಿ ಬಿಡಿಸಿ ಯಾರೂ ಪರೀಕ್ಷೆಗಿಳಿಯಬಾರದು. ನಮ್ಮ ಬೆರಳಿಗೂ ಅಪಾಯ, ಅದರ ದವಡೆಗೂ ಅಪಾಯ. ಐಮಾರಾಕ್ಕೆ ಬಾಯಿಯ ಗೊಡವೆ ಬೇಕಿಲ್ಲ: ಕಿವಿರು ಮುಚ್ಚಳದ ಹಿಂಬದಿಯ ಪೊರೆಯಲ್ಲಿ ಮೇಲಿನಿಂದ ಕೆಳಕ್ಕೆ ಉದ್ದನೆಯ ಕಪ್ಪು ಮಚ್ಚೆ ಇರುತ್ತದೆ.

ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಹೋದಾಗ ಮೀನುಗಳೇ ಕೆಲವು ಗುಟ್ಟು ಹೇಳುತ್ತವೆ. ಗಾಳಿಯ ಪಂಪು ನಿಂತು ನೀರು ಬಿಸಿಯಾದಂತೆ ಮೇಲೆ ಬಂದು ಗಾಳಿ ನುಂಗಿ ಇಳಿಯುವ ‘ವುಲ್ಫ್ ಫಿಶ್’ ಕಂಡರೆ, ಅದು ಹೊಪ್ಲಿಯಾಸ್ ಅಲ್ಲದೆ ಅದರ ಸೋದರ ಕುಲದ ಹೊಪ್ಲೆರಿತ್ರಿನಸ್ ಇರಬಹುದೆಂದು ನೋಡುತ್ತೇನೆ. ಹೊಪ್ಲೆರಿತ್ರಿನಸ್ ಗಾಳಿಚೀಲದಿಂದ ಉಸಿರಾಡಬಲ್ಲದು. ಹೊಪ್ಲಿಯಾಸ್ ಆಮ್ಲಜನಕ ಕಡಿಮೆಯಾದರೂ ತಳದಲ್ಲೇ ಕದಲದೆ ಕೂತು ಕಿವಿರಿನಿಂದಲೇ ಸುಧಾರಿಸಿಕೊಳ್ಳುತ್ತದೆ. ಕೊರವ ಮೀನಿಗಂತೂ ಗಾಳಿ ಬೇಕೇ ಬೇಕು. ಮೇಲೆ ಬರಲು ಬಿಡದಿದ್ದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಹಾಗಾಗಿ ಅದರ ತೊಟ್ಟಿಯನ್ನು ಅಂಚಿನವರೆಗೆ ತುಂಬಿಸಿ ಮುಚ್ಚುವುದಿಲ್ಲ.

ಮೀನು ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ನನಗೆ ಮಲಬಾರಿಕಸ್‌ನ ಕಥೆಯಿಂದ ಬಂತು. ಬರ್ಲಿನ್ನಿನ ವೈದ್ಯ ಬ್ಲಾಖ್ 1793ರಲ್ಲಿ ನಮ್ಮ ಸ್ಟ್ರಯೇಟಾ, ಪಂಕ್ಟೇಟಾಗಳನ್ನು ವಿವರಿಸಿದ. ತರಂಗಂಬಾಡಿಯ ಮಿಷನರಿ ಜಾನ್ ಅವನಿಗೆ ದಕ್ಷಿಣ ಭಾರತದ ಮೀನುಗಳನ್ನು ಕಳಿಸುತ್ತಿದ್ದರು. 1794ರಲ್ಲಿ ಬ್ಲಾಖ್ ದಕ್ಷಿಣ ಅಮೆರಿಕದ ಈ ವುಲ್ಫ್ ಫಿಶ್ ಅನ್ನೂ ಮಲಬಾರಿನದೆಂದು ತಿಳಿದು ಹೆಸರಿಟ್ಟ. ಮಲಬಾರಿನ ಯಾವ ನದಿಯಲ್ಲೂ ಅದು ಹುಟ್ಟಿದ್ದಲ್ಲ, ಹೆಸರು ಮಾತ್ರ ಉಳಿದುಬಂತು. ಈಗ ಆ ಒಂದೇ ಹೆಸರಿನಡಿ ವರ್ಣತಂತುಗಳ ಸಂಖ್ಯೆ 39ರಿಂದ 42ರವರೆಗೆ ಬೇರೆಬೇರೆಯಾಗಿರುವ ಮೀನುಗಳು ಸಿಕ್ಕಿವೆ, ಅದು ಹಲವು ಜಾತಿಗಳ ಗುಂಪು ಎಂಬುದು ತಜ್ಞರ ಅಭಿಪ್ರಾಯ. ಮೀನು ಯಾವ ನದಿಯದೆಂದು ಗೊತ್ತಿಲ್ಲದೆ ಎರಡನ್ನು ಕೂಡಿಸಿ ಮರಿ ಮಾಡಿಸುವುದು ನನಗೆ ಒಪ್ಪಿಗೆಯಾಗದ್ದು ಈ ಕಾರಣಕ್ಕೆ. ಕೇರಳದ ಚನ್ನಾ ಡಿಪ್ಲೊಗ್ರಾಮಾಕ್ಕೂ ಹೀಗೇ ಆಯಿತು. ಮೀನು ತಜ್ಞ ಡೇ 1865ರಲ್ಲಿ ಅದನ್ನು ವಿವರಿಸಿದರೂ ಆಗ್ನೇಯ ಏಷ್ಯಾದ ಮೈಕ್ರೊಪೆಲ್ಟೆಸ್‌ನೊಡನೆ ಒಂದೇ ಎಂದು ಸೇರಿಸಲಾಗಿತ್ತು. ಬೇರೆ ಜಾತಿಯೆಂದು ಮತ್ತೆ ಸ್ಥಾಪಿತವಾದದ್ದು 2011ರಲ್ಲಿ. ಅಷ್ಟು ಕಾಲ ನಮ್ಮ ಘಟ್ಟದ ಮೀನೊಂದು ಹೊರಗಿನ ಮೀನಿನ ಲೆಕ್ಕದಲ್ಲಿ ಮರೆಯಾಗಿತ್ತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಹೊರಗಿನ ಮೀನು ಒಳಗೆ ಬರುವ ಭಯವೂ ಇದೆ. ಬಿಸಿಲಿಗೂ ಆಮ್ಲಜನಕದ ಕೊರತೆಗೂ ಜಗ್ಗದ ವುಲ್ಫ್ ಫಿಶ್ ನಮ್ಮ ಕೆರೆಗಳಿಗೆ ಇಳಿದರೆ ಬದುಕಿಕೊಳ್ಳಬಲ್ಲದು. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಕೆರೆ, ಅಲ್ಲಿನ ಹಕ್ಕಿಗಳು ಮೀನು ನಂಬಿ ಬರುತ್ತವೆ. ತೊಟ್ಟಿಗೆ ಹಿಡಿಸದಷ್ಟು ಬೆಳೆದ ಮೀನನ್ನು ಪಾಪವೆಂದು ಕೆರೆಗೆ ಬಿಡಲು ಹೊರಟವರು ಕೇಳಿದರೆ, ದೊಡ್ಡ ತೊಟ್ಟಿ ಇರುವ ಸಾಕುವವರನ್ನು ಹುಡುಕಿಕೊಡುತ್ತೇನೆ. ಕೊಡುವಾಗ ತೊಟ್ಟಿಯ ಮೇಲಿನ ಚೀಟಿಯನ್ನೂ ಜೊತೆಗೆ ಕಳಿಸುತ್ತೇನೆ: ದವಡೆಯ ಆಕಾರ, ಕಿವಿರಿನ ಮಚ್ಚೆ, ತಂದಾಗಿನ ಉದ್ದ, ಮಾರಿದವರು ಹೇಳಿದ ನದಿ.