ಹೆಸರು ಬಾನೆಟ್ಟಿನಲ್ಲಿ, ಜಾತಕ ಎಂಜಿನ್ನಿನಲ್ಲಿ

ಹಳೇ ಮ್ಯಾಸಿ 35 ಟ್ರ್ಯಾಕ್ಟರಿಗೆ ಸಾಮಾನು ಬೇಕೆಂದರೆ ಅಂಗಡಿಯವರು ಮೊದಲು ಕೇಳುವುದು ಮಾಡೆಲ್ಲು. ಆರ್‌ಸಿ ಪುಸ್ತಕ ನೋಡಿ ಉತ್ತರ ಹೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ನಮ್ಮ ಗಾಡಿ ಹಲವು ಕೈ ದಾಟಿ ಬಂದದ್ದು. ಡೈನಮೋ ಒಂದರದು, ಮುಂದಿನ ಆಕ್ಸಲ್ ಗುಜರಿಯದು, ಸ್ಟೀರಿಂಗ್ ಬಾಕ್ಸ್ ಯಾರದೋ.

ಅದೂ ಅಲ್ಲದೆ 35 ಎಂದ ಮಾತ್ರಕ್ಕೆ ಎಂಜಿನ್ ಯಾವುದೆಂದು ತಿಳಿಯುವುದಿಲ್ಲ. 1950ರ ದಶಕದಲ್ಲಿ ಬಂದ ಡೀಸೆಲ್ ಗಾಡಿಗಳಲ್ಲಿ ಇದ್ದದ್ದು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ 23ಸಿ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದಕ್ಕೆ ಅದು ಹೆಸರುವಾಸಿ. ಆಮೇಲೆ ಅದರ ಜಾಗಕ್ಕೆ ಪರ್ಕಿನ್ಸ್ 3.152 ಬಂತು. ಆ ಅಂಕಿಯಲ್ಲೇ ವಿವರವಿದೆ: ಮೂರು ಸಿಲಿಂಡರ್, 152 ಘನ ಇಂಚು. ಸ್ಟ್ಯಾಂಡರ್ಡಿನ ಲೈನರಿಗೆ ಹೊರಗಿನಿಂದ ನೀರು ತಾಗುತ್ತದೆ, ಪರ್ಕಿನ್ಸಿನದಕ್ಕೆ ತಾಗುವುದಿಲ್ಲ. ಹಾಗಾಗಿ ಬಾನೆಟ್ ಎತ್ತಿ ಇಂಜೆಕ್ಟರ್ ಎಣಿಸುವುದು ಮೊದಲ ಕೆಲಸ. ಬ್ಲಾಕಿನ ಮೇಲೆ ಕೊರೆದ ಎಂಜಿನ್ ನಂಬರು ಬರೆದುಕೊಳ್ಳುವುದು ಎರಡನೆಯದು. ಎರಕದಲ್ಲೇ ಉಬ್ಬಿ ನಿಂತಿರುವ ನಂಬರನ್ನು ಪಾರ್ಟ್ ನಂಬರ್ ಎಂದು ತಿಳಿಯಬೇಡಿ. ಒಂದೇ ಎರಕವನ್ನು ಬೇರೆ ಬೇರೆ ರೀತಿ ಕಡೆದು ಬೇರೆ ಬೇರೆ ಭಾಗ ಮಾಡಿರುತ್ತಾರೆ.

ನನಗೆ ಅತಿ ಹೆಚ್ಚು ತಲೆನೋವು ಕೊಟ್ಟದ್ದು ಬೋಲ್ಟು. ಮ್ಯಾಸಿಯದು ಇಂಚಿನ ಲೆಕ್ಕ. 19 ಎಂಎಂ ಸ್ಪ್ಯಾನರು ಮುಕ್ಕಾಲು ಇಂಚಿನ ತಲೆಗೆ ಸರಿಯಾಗಿ ಕೂರುತ್ತದೆ, ಅಷ್ಟರಿಂದ ಧೈರ್ಯ ಬಂದುಬಿಡುತ್ತದೆ. ಅರ್ಧ ಇಂಚಿಗೆ 13 ಹಾಕಿದರೆ ಮೂಲೆ ಸವೆಯುತ್ತದೆ. 9/16ಕ್ಕೆ 14 ಹಿಡಿಯುವುದಿಲ್ಲ, 15 ಜಾರುತ್ತದೆ. ಇದಕ್ಕಿಂತ ಮೋಸದ್ದು 5/16ರ ಬೋಲ್ಟು. ದಪ್ಪದಲ್ಲಿ ಅದು 8 ಎಂಎಂ ಬೋಲ್ಟಿನಂತೆಯೇ ಕಾಣುತ್ತದೆ, ಆದರೆ ಮರೆಯ (ಥ್ರೆಡ್ಡಿನ) ಅಂತರ ಬೇರೆ. ಮೊದಲೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ. ಅಲ್ಲಿಗೇ ನಿಲ್ಲಿಸದೆ ಜೋರು ಮಾಡಿದವರ ಗುರುತು ಹಳೇ ಗಾಡಿಗಳಲ್ಲೆಲ್ಲ ಇದೆ. ಥ್ರೆಡ್ ಗೇಜ್ ದುಬಾರಿಯಲ್ಲ, ಜೇಬಿನಲ್ಲಿರಲಿ.

ದಾವಣಗೆರೆಯಲ್ಲಿ ನಾನು ಹೋಗುವ ಲೇತ್ ಮೇಸ್ತ್ರಿಯದು ಒಂದೇ ಮಾತು: "ಹಳೇದು ತಂದ್ರಾ ಸ್ವಾಮಿ? ಬಾಯಲ್ಲಿ ಹೇಳಿದ್ರೆ ಆಗಲ್ಲ." ಬೇರಿಂಗ್ ವಿಷಯದಲ್ಲಂತೂ ಇದು ಸೋಳಾಣೆ ಸತ್ಯ. ಕಳಚಿದ ಶೆಲ್ಲಿನ ಬೆನ್ನು ಒರೆಸಿ ನೋಡಿದರೆ 010 ಅಥವಾ 020 ಎಂಬ ಅಚ್ಚು ಸಿಗುತ್ತದೆ. ಹಿಂದೆ ಯಾರೋ ಕ್ರಾಂಕನ್ನು ಇಂಚಿನ ಸಾವಿರದಲ್ಲಿ ಅಷ್ಟು ಭಾಗ ತೇಯಿಸಿದ್ದಾರೆ ಎಂದರ್ಥ. ಅಂಥ ಕ್ರಾಂಕಿಗೆ ಸ್ಟ್ಯಾಂಡರ್ಡ್ ಸೈಜಿನ ಶೆಲ್ ಹಾಕಿದರೆ ಆಯಿಲ್ ಪ್ರೆಶರ್ ನಿಲ್ಲುವುದಿಲ್ಲ. ಆದರೂ ಶೆಲ್ಲಿನ ಅಚ್ಚೊಂದನ್ನೇ ನಂಬದೆ ಕ್ರಾಂಕನ್ನು ಮೈಕ್ರೋಮೀಟರಿನಲ್ಲಿ ಅಳೆಯಿಸಿ.

ಲಿಫ್ಟ್ ಏಳದಿದ್ದರೆ ಊರಲ್ಲೆಲ್ಲ ಪಂಪ್ ಹೋಯ್ತು ಎನ್ನುತ್ತಾರೆ. ಈ ಗಾಡಿಯಲ್ಲಿ ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ, ಪಂಪು ಅದರೊಳಗೇ ಮುಳುಗಿರುತ್ತದೆ. ಮೊದಲು ಎಣ್ಣೆಯ ಮಟ್ಟ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಗೇರ್ ಲಿವರಿನ ಹರಿದ ರಬ್ಬರಿನಿಂದ ಮಳೆನೀರು ಇಳಿದಿರಬಹುದು. ನೇಗಿಲು ಎತ್ತಿ, ಎಂಜಿನ್ ನಿಲ್ಲಿಸಿದೊಡನೆ ಇಳಿದರೆ ಸೋರಿಕೆ ಲಿಫ್ಟ್ ಸಿಲಿಂಡರಿನ ಪಿಸ್ಟನ್ನಿನಲ್ಲೋ ವಾಲ್ವಿನಲ್ಲೋ ಇದೆ. ಯಾವುದನ್ನು ಬಿಚ್ಚುವುದಾದರೂ ಮೊದಲು ನೇಗಿಲನ್ನು ನೆಲಕ್ಕಿಳಿಸಿ. ಹೈಡ್ರಾಲಿಕ್ಕನ್ನು ನಂಬಿ ಎತ್ತಿದ ನೇಗಿಲಿನ ಅಡಿಗೆ ಎಂದೂ ನುಸುಳಬೇಡಿ.