ಬಣ್ಣದ ಕೆಳಗೆ ಏನಿದೆ? – ಮಾರಾಟಕ್ಕಿದ್ದ ಒಂದು ಹಳೇ ಕಾರಿನಿಂದ ಪಾಠ

 

ಕಳೆದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಫೋನ್ ಹಿಡ್ಕೊಂಡು ಬಂದ. "ಪಾಸ್ಟರ್, ಇದನ್ನ ನೋಡಿ." ಅಮೆರಿಕದಲ್ಲಿ ಮಾರಾಟಕ್ಕಿರೋ ಒಂದು ಕಾರು. 1964ರ ಪಾಂಟಿಯಾಕ್ ಜಿಟಿಒ. ಕೆಂಪು ಬಣ್ಣ ಕನ್ನಡಿ ತರ ಹೊಳೀತಿದೆ. ಕೆಳಗೆ ಎರಡೇ ಮಾತು: ಪೂರ್ತಿ ರಿಸ್ಟೋರ್ ಆಗಿದೆ, ಅಸಲಿ ಜಿಟಿಒ. ಅವನು ಬೆಲೆ ಕೇಳಲಿಲ್ಲ. "ಇದು ಅಸಲಿ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದ. ಒಳ್ಳೇ ಪ್ರಶ್ನೆ. ಇವತ್ತಿನ ಪಾಠ ಅದೇ.

1. ಈ ಕಾರು ಹುಟ್ಟಿದ್ದು ಹೇಗೆ?

1963ರ ಆರಂಭದಲ್ಲಿ ಜನರಲ್ ಮೋಟಾರ್ಸ್ ಕಂಪನಿ ತನ್ನ ವಿಭಾಗಗಳೆಲ್ಲ ರೇಸಿಂಗ್ ಬಿಡಬೇಕು ಅಂತ ಆಜ್ಞೆ ಮಾಡಿತು. ಇನ್ನೊಂದು ನಿಯಮವೂ ಇತ್ತು: ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು. ಆಗ ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್. ಅವರ ತಂಡ ಒಂದು ಸಂದಿ ಹುಡುಕಿತು. ದೊಡ್ಡ ಎಂಜಿನ್ನನ್ನು ಹೊಸ ಮಾಡೆಲ್ ಅಂತ ಕರೆದರೆ ಮೇಲಿನವರ ಅನುಮತಿ ಬೇಕು. ಇರೋ ಲೆ ಮಾನ್ಸ್ ಕಾರಿಗೆ ಒಂದು "ಆಪ್ಷನ್" ಅಂತ ಕರೆದರೆ? ಬೇಡ!

ಹಾಗೆ 389 ಘನ ಇಂಚಿನ, ಅಂದ್ರೆ ಸುಮಾರು 6.4 ಲೀಟರಿನ ವಿ8 ಎಂಜಿನ್ ಲೆ ಮಾನ್ಸ್ ಒಳಗೆ ಬಂತು. ಸಾಮಾನ್ಯ ರೂಪದಲ್ಲಿ 325 ಅಶ್ವಶಕ್ತಿ, ಮೂರು ಕಾರ್ಬ್ಯುರೇಟರ್ ಹಾಕಿಸಿದರೆ 348. ಆ ಆಪ್ಷನ್‌ಗೆ ಸುಮಾರು 295 ಡಾಲರ್. ಹೆಸರನ್ನು ಫೆರಾರಿಯಿಂದ ತಗೊಂಡ್ರು. ಜನ ಮಾತ್ರ ಪ್ರೀತಿಯಿಂದ "ಗೋಟ್", ಅಂದ್ರೆ ಆಡು ಅಂದ್ರು. 5,000 ಹೋದರೆ ಸಾಕು ಅಂದುಕೊಂಡಿದ್ದರು, ಮೊದಲ ವರ್ಷವೇ 32,450 ಮಾರಾಟವಾಯಿತು. ಮಸಲ್ ಕಾರ್ ಅನ್ನೋ ಕಾಲ ಶುರುವಾಯ್ತು.

ಈಗ ಗಮನ ಕೊಟ್ಟು ಕೇಳಿ. ಜಿಟಿಒ ಬರೀ ಆಪ್ಷನ್ ಆಗಿದ್ದರಿಂದ ಆ ಕಾರಿನ ಗುರುತಿನ ಸಂಖ್ಯೆಯಲ್ಲಿ, ಅಂದ್ರೆ ವಿಐಎನ್‌ನಲ್ಲಿ, "ಇದು ಜಿಟಿಒ" ಅನ್ನೋ ಗುರುತೇ ಇಲ್ಲ. ಎಂಟು ಸಿಲಿಂಡರಿನ ಲೆ ಮಾನ್ಸ್ ಅಂತ ಮಾತ್ರ ಹೇಳುತ್ತೆ. 1965ರ ಕಾರಿಗೂ ಇದೇ ಕಥೆ. 1966ರಲ್ಲಿ ಜಿಟಿಒ ಪ್ರತ್ಯೇಕ ಮಾಡೆಲ್ ಆಯ್ತು, ಸಂಖ್ಯೆ 242ರಿಂದ ಶುರುವಾಗೋಕೆ ತೊಡಗಿತು. ಅಲ್ಲಿಂದ ಸಂಖ್ಯೆಯೇ ಸಾಕ್ಷಿ ಹೇಳುತ್ತೆ. ಅವತ್ತು ಒಂದು ನಿಯಮ ತಪ್ಪಿಸೋಕೆ ಮಾಡಿದ ಜಾಣತನ, ಅರವತ್ತು ವರ್ಷದ ಮೇಲೆ ಕೊಳ್ಳುವವನ ತಲೆನೋವಾಗಿ ಕೂತಿದೆ. ಅಡ್ಡದಾರಿ ಯಾವಾಗಲೂ ಬಿಲ್ ಕಳಿಸುತ್ತೆ, ಕೆಲವೊಮ್ಮೆ ಬೇರೆಯವರ ವಿಳಾಸಕ್ಕೆ.

2. ಹಾಗಾದ್ರೆ ಪರೀಕ್ಷಿಸೋದು ಹೇಗೆ?

ಮೊದಲನೆಯದು, ಹೊರಗಿನ ಗುರುತು ನಂಬಬೇಡಿ. ಜಿಟಿಒ ಬ್ಯಾಡ್ಜು, ಗ್ರಿಲ್ಲು, ಬಾನೆಟ್ಟು ಎಲ್ಲಾ ಇವತ್ತು ಹೊಸದಾಗಿ ಮಾಡಿ ಮಾರ್ತಾರೆ. ಒಂದು ಸಾಧಾರಣ ಲೆ ಮಾನ್ಸ್‌ಗೆ ಅವನ್ನೆಲ್ಲ ಹಾಕಿಬಿಟ್ಟರೆ ನೋಡೋರಿಗೆ ವ್ಯತ್ಯಾಸ ಗೊತ್ತಾಗಲ್ಲ. ಎಂಜಿನ್ ಕೂಡ ಹಾಗೇ: ಪಾಂಟಿಯಾಕ್‌ನ 326 ಮತ್ತು 389 ಹೊರಗಿನಿಂದ ಒಂದೇ ತರ ಕಾಣುತ್ತೆ.

ಎರಡನೆಯದು, ದಾಖಲೆ ಕೇಳಿ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಅನ್ನೋ ಸಂಸ್ಥೆ ಹತ್ರ ಕಾರ್ಖಾನೆಯ ಹಳೇ ಬಿಲ್ಲಿಂಗ್ ದಾಖಲೆಗಳಿವೆ. ಶುಲ್ಕ ಕೊಟ್ಟರೆ ಆ ಕಾರಿನ ಪ್ರತಿ ಕೊಡ್ತಾರೆ. ಜಿಟಿಒ ಆಪ್ಷನ್ ಅದರಲ್ಲಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಮೂರನೆಯದು, ತಾರೀಖು ಹೋಲಿಸಿ. ಎಂಜಿನ್ ಹಿಂದಿರೋ ತಗಡಿನ ಗೋಡೆ ಮೇಲೆ ಒಂದು ಪುಟ್ಟ ಪಟ್ಟಿ ಇರುತ್ತೆ. ಬಾಡಿ ಯಾವ ತಿಂಗಳು, ಯಾವ ವಾರ ತಯಾರಾಯ್ತು ಅಂತ ಹೇಳುತ್ತೆ. ಎಂಜಿನ್ ಬ್ಲಾಕಿನ ಮೇಲೆ ಅದನ್ನ ಎರಕ ಹೊಯ್ದ ತಾರೀಖು ಇರುತ್ತೆ. ಕಾರು ಮಾರ್ಚಲ್ಲಿ, ಎಂಜಿನ್ ಮೇ ತಿಂಗಳಲ್ಲಿ ಅಂದ್ರೆ? ಆ ಎಂಜಿನ್ ಆ ಕಾರಿನ ಜೊತೆ ಹುಟ್ಟಿದ್ದಲ್ಲ.

ನಾಲ್ಕನೆಯದು, ಒಂದು ಅಯಸ್ಕಾಂತ ಜೇಬಲ್ಲಿಟ್ಕೊಂಡು ಹೋಗಿ, ತೆಳು ಬಟ್ಟೆ ಸುತ್ತಿ. ಹಿಂದಿನ ಚಕ್ರದ ಸುತ್ತ, ಹಿಂದಿನ ಗಾಜಿನ ಕೆಳಗೆ, ಡಿಕ್ಕಿಯ ನೆಲದಲ್ಲಿ ಇಟ್ಟು ನೋಡಿ. ಉಕ್ಕಿದ್ದರೆ ಹಿಡಿಯುತ್ತೆ. ತುಕ್ಕು ತಿಂದ ಜಾಗಕ್ಕೆ ದಪ್ಪಗೆ ಪಟ್ಟಿ ತುಂಬಿ ಬಣ್ಣ ಹೊಡೆದಿದ್ದರೆ ಜಾರುತ್ತೆ. ನಿಜವಾದ ರಿಸ್ಟೋರೇಷನ್ ಅಂದ್ರೆ ತುಕ್ಕನ್ನ ಕತ್ತರಿಸಿ ತೆಗೆದು ಹೊಸ ಉಕ್ಕು ಬೆಸೆಯೋದು. ಮುಚ್ಚಿದ ತುಕ್ಕು ನಿದ್ದೆ ಮಾಡಲ್ಲ ಪ್ರಿಯರೇ, ಕೆಳಗೆ ಕೆಲಸ ಮಾಡ್ತಾನೇ ಇರುತ್ತೆ.

3. ಬದಲಾವಣೆ ತಪ್ಪಲ್ಲ, ಮುಚ್ಚಿಡೋದು ತಪ್ಪು

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಒಂದೇ ಸರ್ಕ್ಯೂಟು. ಒಂದು ಕಡೆ ಸೋರಿದರೆ ಎಲ್ಲಾ ಬ್ರೇಕೂ ಹೋಯ್ತು. ಆದ್ದರಿಂದ ಎಷ್ಟೋ ಜನ ಎರಡು ಸರ್ಕ್ಯೂಟು, ಮುಂದೆ ಡಿಸ್ಕ್ ಬ್ರೇಕು ಹಾಕಿಸ್ತಾರೆ. ಇದು ಮೂಲ ಅಲ್ಲ. ಆದ್ರೆ ಪ್ರಾಣ ಉಳಿಸೋ ಬದಲಾವಣೆ. "ಬ್ರೇಕ್ ಬದಲಾಯಿಸಿದ್ದೀನಿ" ಅಂತ ಹೇಳಿದರೆ ಆಯ್ತು.

ಲೆ ಮಾನ್ಸ್ ಅನ್ನ ಜಿಟಿಒ ತರ ಮಾಡೋದೂ ಪಾಪ ಅಲ್ಲ. ಅದಕ್ಕೆ "ಟ್ರಿಬ್ಯೂಟ್" ಅನ್ನೋ ಮರ್ಯಾದೆಯ ಹೆಸರಿದೆ. ಅದನ್ನ ಟ್ರಿಬ್ಯೂಟ್ ಅಂತ ಹೇಳಿ ಮಾರಿದವನು ನೆಮ್ಮದಿಯಾಗಿ ಮಲಗ್ತಾನೆ. ಅದೇ ಕಾರು, ಅದೇ ಕೆಂಪು ಬಣ್ಣ. "ಅಸಲಿ" ಅನ್ನೋ ಒಂದು ಪದ ಸೇರಿಸಿದ ಕೂಡಲೇ ಅದು ಮೋಸ. ಬೈಬಲ್ ಕಳ್ಳ ತಕ್ಕಡಿ ಬಗ್ಗೆ ಮಾತಾಡುವಾಗ ದೇವರು ಬರೀ ಸಂತೆಯ ಸಂಗತಿ ಹೇಳ್ತಿದ್ದಾನೆ ಅಂದುಕೊಳ್ಳಬೇಡಿ. ಒಂದು ಪದವೂ ತಕ್ಕಡಿಯೇ.

4. ನಮ್ಮ ಮಾತು

ನಮ್ಮಲ್ಲಿ ಯಾರೂ ನಾಳೆ ಜಿಟಿಒ ಮಾರಲ್ಲ. ಬೈಕ್ ಮಾರ್ತೀವಿ, ಫೋನ್ ಮಾರ್ತೀವಿ, ರೆಸ್ಯೂಮೆಯಲ್ಲಿ ನಮ್ಮನ್ನೇ ಮಾರ್ಕೊಳ್ತೀವಿ.

ನಾನು ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಬೈಕ್ ಮಾರಿದೆ. ಅದು ಒಮ್ಮೆ ಬಿದ್ದು ಮುಂದಿನ ಫೋರ್ಕ್ ಸೊಟ್ಟ ಆಗಿತ್ತು. ನೆಟ್ಟಗೆ ಮಾಡಿಸಿ, ಟ್ಯಾಂಕಿಗೆ ಬಣ್ಣ ಹೊಡೆಸಿದ್ದೆ. ಕೊಳ್ಳೋಕೆ ಬಂದ ಹುಡುಗ ಕೇಳಿದ, "ಆಕ್ಸಿಡೆಂಟ್ ಏನಾದ್ರೂ ಆಗಿದ್ಯಾ ಅಣ್ಣ?" ನಾನು "ಓಡಿಸಿ ನೋಡು, ಮಾರಾಯ" ಅಂದೆ. ಸುಳ್ಳು ಹೇಳಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಮೂರು ಸಾವಿರ ಹೆಚ್ಚಿಗೆ ಸಿಕ್ತು. ಆ ಫೋರ್ಕ್ ಮುಂದೆ ಅವನನ್ನ ಹೇಗೆ ನೋಡ್ಕೊಳ್ತೋ ಗೊತ್ತಿಲ್ಲ. ತುಂಬಾ ವರ್ಷದ ಮೇಲೆ ಅವನಿಗೆ ಫೋನ್ ಮಾಡೋಣ ಅಂತ ಹುಡುಕಿದೆ, ನಂಬರ್ ಇರಲಿಲ್ಲ. ಕೆಲವು ಸಾಲ ತೀರಿಸೋಕೆ ವಿಳಾಸವೇ ಸಿಗಲ್ಲ. ಅದಕ್ಕೇ ಹೇಳ್ತೀನಿ, ವಿಳಾಸ ಇದ್ದಾಗಲೇ ಹೇಳಿಬಿಡಿ.

ಒಳ್ಳೇ ರಿಸ್ಟೋರರ್ ಒಬ್ಬ ತನ್ನ ಕೆಲಸದ ಫೋಟೋಗಳನ್ನ ಫೈಲ್ ಮಾಡಿಡ್ತಾನೆ: ತುಕ್ಕು ಹಿಡಿದ ಡಿಕ್ಕಿ, ಕತ್ತರಿಸಿದ ತಗಡು, ಬರೀ ಚೌಕಟ್ಟು. ಆ ಅಸಹ್ಯವಾದ ಫೋಟೋಗಳೇ ಕಾರಿನ ಬೆಲೆಯನ್ನ ಕಾಯುತ್ತೆ, ಯಾಕಂದ್ರೆ ಅವು ನಿಜ. ಮುರಿದಿದ್ದನ್ನ ತೋರಿಸೋಕೆ ಹೆದರದವನ ದುರಸ್ತಿಯನ್ನ ಜನ ನಂಬ್ತಾರೆ.

ಮನೆಕೂಟದಲ್ಲಿ ಮಾತಾಡೋಕೆ

1. ಸುಳ್ಳು ಹೇಳದೆ, ಉತ್ತರ ತಪ್ಪಿಸಿ ಲಾಭ ಮಾಡ್ಕೊಂಡ ಸಂದರ್ಭ ನಿಮಗೆ ನೆನಪಿದೆಯಾ?
2. ಈಗ ನೀವು ಮಾರ್ತಿರೋ ವಸ್ತುವಿನ ಯಾವ ದೋಷವನ್ನ ಬರೆಯದೆ ಬಿಟ್ಟಿದ್ದೀರಿ?
3. ನಿಮ್ಮ ರೆಸ್ಯೂಮೆಯಲ್ಲಿ "ಟ್ರಿಬ್ಯೂಟ್" ಯಾವುದು, "ಅಸಲಿ" ಯಾವುದು?

ಈ ವಾರ ಒಂದೇ ಕೆಲಸ: ಯಾರಿಗಾದ್ರೂ ಒಂದು ಫೋನ್ ಮಾಡಬೇಕಿದ್ದರೆ, ನಂಬರ್ ಇನ್ನೂ ಇದ್ದರೆ, ಮಾಡಿ. ದೇವರು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.